ಸುಳ್ಳದ ಗಡಿಗೆಯ ಚೂರು

ಜನ ನಕ್ಕರೆ ತಡೆದುಕೊಳ್ಳಬಹುದು, ಒಪ್ಪಿಬಿಟ್ಟರೆ ತಡೆದುಕೊಳ್ಳುವುದು ಕಷ್ಟ. ಇದು ನನಗೆ ತಿಳಿದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ.

ಸಿಂಧೂ ನಾಗರಿಕತೆ ಹುಟ್ಟಿದ್ದು ಸಿಂಧೂ ಕಣಿವೆಯಲ್ಲಲ್ಲ, ಹುಬ್ಬಳ್ಳಿ ತಾಲೂಕಿನ ಸುಳ್ಳದಲ್ಲಿ ಎಂದು ನಾನು ಇಪ್ಪತ್ತು ವರ್ಷ ವಾದಿಸಿದೆ. ಆಧಾರ, ಅಲ್ಲಿನ ಹೊಲದಲ್ಲಿ ಸಿಕ್ಕ ಗಡಿಗೆಯ ಒಂದು ಚೂರು. ಅದರ ಮೇಲೆ ಸಿಂಧೂ ಮುದ್ರೆಗಳಲ್ಲಿರುವಂಥ ಮೀನಿನ ಗುರುತು. "ಬ್ಯಾರೆ ಹೆಸರಿನ ಊರು ಸಿಗಲಿಲ್ಲೇನ್ರಿ ನಿಮಗ?" ಎಂದು ಹೆಂಡತಿ ಆಗಲೇ ಕೇಳಿದ್ದಳು. ವಿಚಾರಗೋಷ್ಠಿಗಳಲ್ಲಿ ನಾನು ಎದ್ದು ನಿಂತರೆ ಸಾಕು, ಚಹಾ ವಿರಾಮ ಘೋಷಿಸುತ್ತಿದ್ದರು. ನನ್ನನ್ನು ಗಂಭೀರವಾಗಿ ತೆಗೆದುಕೊಂಡವರು ಧಾರವಾಡದಲ್ಲಿ ಒಬ್ಬರೇ, ಇತಿಹಾಸದ ನಿವೃತ್ತ ಪ್ರಾಧ್ಯಾಪಕ ಕುಲಕರ್ಣಿ ಸರ್. ನನ್ನ ಪ್ರತಿ ಲೇಖನವನ್ನೂ ಅವರು ವಾರದೊಳಗೆ ಪತ್ರಿಕೆಗೆ ಬರೆದು ಹರಿದು ಹಾಕುತ್ತಿದ್ದರು. ನನಗಿದ್ದ ಕೀರ್ತಿಯೆಲ್ಲ ಅವರು ಬೈದು ಕೊಟ್ಟದ್ದು.

ಹೋದ ತಿಂಗಳು ಚೂರನ್ನು ಹಿಡಿದು ಮತ್ತೆ ಸುಳ್ಳಕ್ಕೆ ಹೋಗಿದ್ದೆ. ಹೊಲದ ಒಡತಿ, ಎಂಬತ್ತು ದಾಟಿದ ಗಂಗವ್ವ, ಅದನ್ನು ಹೊರಳಿಸಿ ನೋಡಿದರು.

"ಇದು ನಮ್ಮತ್ತಿ ಗೀರಿದ್ದರಿ. ಕೆರಿಮ್ಯಾಲೆ ಗಡಿಗಿ ಅದಲಬದಲ ಆಗಬಾರದಂತ ಎಲ್ಲಾದಕ್ಕೂ ಹಿಂಗ ಗೀರತಿದ್ಲು."

ಒಳಗಿನಿಂದ ಅದೇ ಮೀನಿದ್ದ ಇಡೀ ಗಡಿಗೆಯನ್ನೇ ತಂದು ತೋರಿಸಿದರು. ಅದರಲ್ಲಿ ಹುಣಸೆಹಣ್ಣು ಇತ್ತು. ಅವರು ಕೊಟ್ಟ ಚಹಾ ಕುಡಿದು, ಬಸ್ಸು ಹತ್ತಿ ಬಂದು, ಜ್ವರವೆಂದು ಹೇಳಿ ಎರಡು ದಿನ ಮಲಗಿದೆ.

ಮೂರನೆಯ ದಿನ ಮಧ್ಯಾಹ್ನ ಕುಲಕರ್ಣಿ ಸರ್ ಕೋಲೂರಿಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಕೈಚೀಲದ ತುಂಬ ನನ್ನ ಲೇಖನಗಳು. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಕಣ್ಣಿನ ಆಪರೇಶನ್ ಆದಮ್ಯಾಲೆ ಎಲ್ಲಾ ಮತ್ತೊಮ್ಮೆ ಓದಿದೆ," ಎಂದರು. "ನಿಮಗ ಭಾಳ ಅನ್ಯಾಯ ಮಾಡೀನಿ. ನೀವು ಹೇಳಿದ್ದು ಖರೇ ಅದ."

ಅವರ ಕಣ್ಣು ತುಂಬಿತ್ತು. ಬಾಗಿಲಲ್ಲಿ ನಿಂತ ಹೆಂಡತಿ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದಳು. ನಿಜ ಹೇಳಲು ಬಾಯಿ ತೆರೆದೆ. "ತಡಾ ಆದರೂ ಬಂದ್ರಲ್ಲ, ಸರ್" ಎಂಬ ಮಾತು ಹೊರಬಿತ್ತು.

ಈಗ ಅವರು ಪ್ರತಿ ಗುರುವಾರ ನೋಟ್‌ಬುಕ್ಕು ಹಿಡಿದು ನನ್ನಲ್ಲಿ ಪಾಠಕ್ಕೆ ಬರುತ್ತಾರೆ. ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ನಿನ್ನೆ ಬರೆಯುವುದನ್ನು ನಿಲ್ಲಿಸಿ, ಬಹಳ ಸಂಕೋಚದಿಂದ, ಆ ಮೀನು ಯಾವುದೋ ಮನೆಯವರು ತಮ್ಮ ಗಡಿಗೆಗೆ ಹಾಕಿಕೊಂಡ ಗುರುತು ಇರಬಹುದೇ ಎಂದು ಕೇಳಿದರು.

ನನಗೆ ಸಿಟ್ಟು ಬಂತು. ಒಂದು ತಾಸು ವಾದಿಸಿ ಅವರ ಸಂಶಯ ಪರಿಹರಿಸಿದೆ. ಇಪ್ಪತ್ತು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಎಂದೂ ವಾದಿಸಿರಲಿಲ್ಲ.