ಮುಸುಕಿನ ವೀರನ ತಪ್ಪಿಗೆಲ್ಲ ನಾನೇ ಜವಾಬು

ಸಿನಿಮಾದ ವೀರರು ಬುದ್ಧಿಗೇಡಿ ಕೆಲಸ ಬಿಡುವುದಿಲ್ಲ, ಜನ ಪ್ರಶ್ನೆ ಕೇಳುವುದು ಬಿಡುವುದಿಲ್ಲ. ನಡುವೆ ಸಾಯುವವನು ನನ್ನಂಥ ಪಾಪಿ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಊರೂರು ತಿರುಗುವ ಟೆಂಟ್ ಸಿನಿಮಾದಲ್ಲಿ ನಾನು ಕಥೆ ಹೇಳುವವನು. ಚಿತ್ರ ಹಿಂದಿಯದು, ಜನಕ್ಕೆ ಹಿಂದಿ ಬಾರದು. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಅರ್ಥ ಹೇಳಬೇಕು. ಆ ವರ್ಷದ ನಮ್ಮ ವೀರ ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿ, ಹತ್ತಾನೆ ಬಲದಲ್ಲಿ ಹಾರಾಡುವವನು.

ಪಟ್ಟಿ

ಸಂಪಾಜೆಯ ಆಟದಲ್ಲಿ ವೀರ ಪಟ್ಟಿ ಕಟ್ಟಿಕೊಂಡು ತನ್ನ ಹೆಂಡತಿಯ ಎದುರಿಗೇ ನಿಂತ. "ಯಾರು ನೀವು?" ಎಂದಳು ಅವಳು. ನಾನು ಅರ್ಥ ಹೇಳಿದೆ.

ಮುಂದೆ ಕೂತಿದ್ದ ಹೆಂಗಸೊಬ್ಬಳು ಎದ್ದಳು. "ಅಲ್ಲ ಮಾರಾಯ, ನನ್ನ ಗಂಡ ಗುಡ್ಡದಾಚೆ ಕೆಮ್ಮಿದರೂ ನನಗೆ ಗೊತ್ತಾಗುತ್ತದೆ. ಪಟ್ಟಿ ಕಟ್ಟಿದ್ದು ಅವನ ಮುಖಕ್ಕೋ, ಇವಳ ಕಣ್ಣಿಗೋ?"

ಹುಲಿ

ಮುಂದಿನ ಊರಿನಲ್ಲಿ ವೀರ ಬರಿಗೈಯಲ್ಲಿ ಹುಲಿ ಕೊಂದು, ಹಿಂದೆ ನೋಡದೆ ಓಡಿದ. ಅಲ್ಲಿಗೆ ಸಭೆ ಕೆಟ್ಟಿತು. ಕೊಡವರಲ್ಲಿ ಹುಲಿ ಹೊಡೆದವನನ್ನು ಮದುಮಗನಂತೆ ಸಿಂಗರಿಸಿ, ಹುಲಿಯ ಪಕ್ಕ ಕೂರಿಸಿ, ಊರೆಲ್ಲ ಅಕ್ಕಿ ಹಾಕಿ ಹರಸುತ್ತದೆ. ಇವನು ಹಾಗೇ ಹೋಗುವುದೆಂದರೇನು?

"ಹೆಂಡತಿ ಕಳ್ಳರ ಕೈಯಲ್ಲಿದ್ದಾಳೆ, ಅವಸರ" ಎಂದೆ.

"ಹೆಂಡತಿ ಒಂದು ಗಳಿಗೆ ಕಾಯುತ್ತಾಳೆ. ಸತ್ತ ಹುಲಿ ಕಾಯುತ್ತದಾ? ನಾರುತ್ತದೆ" ಎಂದರು ಒಬ್ಬರು. ಮರ್ಯಾದೆ ಗೊತ್ತಿಲ್ಲದವನ ಕಥೆ ನಮಗೆ ಬೇಡವೆಂದು ಅರ್ಧ ಜನ ಎದ್ದು ಹೋದರು.

"ಇನ್ನೊಂದು ಊರಲ್ಲಿ ಹೀಗಾದರೆ ನೀನು ಬೇರೆ ಕೆಲಸ ನೋಡಿಕೊ" ಎಂದರು ಟೆಂಟಿನ ಯಜಮಾನರು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ.

ಬಂಡೆ

ಆ ಇನ್ನೊಂದು ಊರಿನಲ್ಲಿ ಸಂಜೆಯ ಆಟ. ಜನ ಚೆನ್ನಾಗಿ ಸೇರಿದ್ದರು, ಯಾರೂ ಪ್ರಶ್ನೆ ಕೇಳಲಿಲ್ಲ. ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ವೀರ, ಪಕ್ಕದಲ್ಲೇ ಮೆಟ್ಟಿಲಿದ್ದರೂ, ಬಂಡೆಯ ಮೇಲಿಂದ ಹಾರಿ ಕೆಳಗೆ ಬಿದ್ದ. ರೀಲು ಮುಗಿಯಿತು, ಮುಂದಿನದನ್ನು ಹಾಕಲು ದೀಪ ಹತ್ತಿತು.

"ಸತ್ತನಾ?" ಎಂದರು ಕೋವಿ ಹಿಡಿದು ಕೂತಿದ್ದ ಅಜ್ಜ. ಗದ್ದೆ ಕಾವಲಿನಿಂದ ನೇರ ಬಂದಿದ್ದವರು.

ಮುಂದೇನೆಂದು ಕಾದು ಕೂರಲಿ, ಯಾರೂ ಎದ್ದು ಹೋಗದಿರಲಿ ಎಂದು ನಾನು ದನಿ ನಡುಗಿಸಿ, "ಹೋದ ಅಜ್ಜ, ಹೋದ" ಎಂದೆ.

ಅಜ್ಜ ಹೊರಗೆ ಹೋಗಿ ಆಕಾಶಕ್ಕೆ ಎರಡು ಗುಂಡು ಹಾರಿಸಿದರು. ಅಲ್ಲಿ ಒಂದರ ಹಿಂದೆ ಒಂದು ಗುಂಡು ಕೇಳಿದರೆ ಸಾವು ಎಂದರ್ಥ. ಕೇಳಿದವರು ಕೈಯಲ್ಲಿನ ಕೆಲಸ ಬಿಟ್ಟು ಬರಬೇಕು. ಬಂದರು. ಗುಡ್ಡ ಇಳಿದು, ತೋಟ ದಾಟಿ, ಉರಿಯುವ ಸೂಟೆ ಹಿಡಿದು ಬಂದರು. ಟೆಂಟಿನ ಮುಂದೆ ತಲೆ ಬಗ್ಗಿಸಿ ನಿಂತರು. ಸಾವಿನ ದಿನ ಆಟ ನಡೆಯಬಾರದೆಂದು ಒಳಗಿದ್ದವರೂ ಎದ್ದು ಬಂದರು.

ಯಜಮಾನರು ನನ್ನ ಕಿವಿಯಲ್ಲಿ, "ನಾಳೆಯಿಂದ ಬರಬೇಡ" ಎಂದರು. ನನಗೆ ನಿಜವಾಗಿ ಅಳು ಬಂತು. ಅಜ್ಜನ ಕೈ ಹಿಡಿದುಕೊಂಡೆ. "ಅವನು ಸತ್ತಿಲ್ಲ ಅಜ್ಜ. ಬನ್ನಿ, ಮುಂದಿನ ರೀಲಿನಲ್ಲಿ ಎದ್ದು ಕೂರುತ್ತಾನೆ, ನೋಡಿ."

ಅಜ್ಜ ನನ್ನ ಬೆನ್ನು ಸವರಿದರು.

"ಸತ್ತವರ ಮನೆಯವರೆಲ್ಲ ಮೊದಲ ದಿನ ಹೀಗೇ ಹೇಳುವುದು, ಮಗ."