ಗಾಸಿಪ್ ಎಂಬ ನೆಂಟಸ್ತಿಕೆ

ಶಿಸ್ತಿನವಳು ಎಂದು ಹೆಸರು ಮಾಡುವುದು ಸುಲಭ. ಆಮೇಲೆ ಆ ಹೆಸರಿನ ಜೊತೆ ಒಬ್ಬಳೇ ಕೂತು ಊಟ ಮಾಡುವುದು ಕಷ್ಟ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಪೀಣ್ಯದಲ್ಲಿ ಸ್ವಿಚ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ನಮ್ಮ ಹೆಂಗಸರು ಊಟಕ್ಕೆ ಕೂತರೆ ಮೊದಲು ಡಬ್ಬಿಗಳು ಸುತ್ತು ಹೊಡೆಯುತ್ತವೆ; ಒಬ್ಬರ ಪಲ್ಯ ಎಲ್ಲರ ಮುಚ್ಚಳಕ್ಕೂ ಒಂದೊಂದು ಚಮಚ. ಪಲ್ಯದ ಹಿಂದೆಯೇ ಸುದ್ದಿ. ಯಾರ ಅತ್ತೆ ಮುನಿಸಿಕೊಂಡಳು, ಯಾರ ಮನೆ ಓನರ್ ನೀರು ನಿಲ್ಲಿಸಿದ, ಎಲ್ಲ. ಅರ್ಧ ಗಂಟೆಯ ಊಟ ಮುಕ್ಕಾಲು ಗಂಟೆಯಾಗುತ್ತಿತ್ತು. ಬಡ್ತಿ ಸಿಕ್ಕ ಹುರುಪಿನಲ್ಲಿ ನಾನು ಊಟದ ಕೋಣೆಯ ಗೋಡೆಗೆ ‘ನೋ ಗಾಸಿಪ್’ ಎಂದು ಇಂಗ್ಲಿಷಿನಲ್ಲಿ ಬೋರ್ಡ್ ಹಾಕಿಸಿದೆ. ಕನ್ನಡದಲ್ಲಿ ಬರೆಸಲು ನನಗೇ ನಾಚಿಕೆಯಾಗಿತ್ತು. ಅಂದಿನಿಂದ ಊಟ ಇಪ್ಪತ್ತೇ ನಿಮಿಷ. ಡಬ್ಬಿಗಳು ನನ್ನ ಮೇಜಿನ ಕಡೆ ಬರುವುದನ್ನೂ ಬಿಟ್ಟವು.

ತಿಂಗಳಾದ ಮೇಲೆ ಒಂದು ಶನಿವಾರ, ನಮ್ಮ ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳಾದ ವಿಜಯಪುರದ ಗಂಗವ್ವ ನನ್ನೆದುರು ಒಂದು ಶೇಂಗಾ ಉಂಡೆ ತಂದಿಟ್ಟಳು.

“ನಿನ್ನಿ ಸಂಜೀಕ ಮೊಮ್ಮಗಳನ್ನ ತೊಟ್ಟಿಲಾಗ ಹಾಕಿದ್ವಿರೀ ಮೇಡಂ. ಎಲ್ಲಾರೂ ಬಂದಿದ್ರು.”

“ನನಗೆ ಹೇಳಲೇ ಇಲ್ವಲ್ಲ ಗಂಗವ್ವ?”

“ಅಯ್ಯ, ಊಟದಾಗ ಹೇಳೂಣಂದ್ರ ನೀವು ಬೋರ್ಡ್ ಹಾಕೀರಲ್ರಿ!”

ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ರಾಜಗೋಪಾಲನಗರದಲ್ಲಿ ಆಕೆಯ ಮನೆ ನಾನೊಬ್ಬಳೇ ಇರುವ ಬಾಡಿಗೆ ಕೋಣೆಯಿಂದ ಎರಡನೇ ಬೀದಿ. ಹಿಂದಿನ ಸಂಜೆ ಅತ್ತಲಿಂದ ಹೆಂಗಸರ ಹಾಡು ಕೇಳಿಸಿತ್ತು; ಗದ್ದಲವೆಂದು ನಾನು ಕಿಟಕಿ ಮುಚ್ಚಿಕೊಂಡಿದ್ದೆ.

ಭಾನುವಾರ ಮಾಡಲು ಬೇರೆ ಕೆಲಸವಿಲ್ಲದೆ, ಇಷ್ಟೆಲ್ಲ ಕೆಡಿಸಿದ ಬೋರ್ಡಿನ ಆ ಪದವಾದರೂ ಏನೆಂದು ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ ‘ಗಾಸಿಪ್’ ಎಂದರೆ ಮಾತಲ್ಲವಂತೆ, ಮನುಷ್ಯರಂತೆ. ಚರ್ಚಿನಲ್ಲಿ ಮಗುವಿನ ದೀಕ್ಷಾಸ್ನಾನಕ್ಕೆ ದೇವರೆದುರು ಜೊತೆಗೆ ನಿಂತು, ರಕ್ತಸಂಬಂಧವಿಲ್ಲದೆಯೂ ನೆಂಟರಾದವರು. ಆಮೇಲೆ ಆಪ್ತ ಗೆಳತಿ. ಆಮೇಲೆ ಹೆರಿಗೆಯ ಹೊತ್ತಿಗೆ ಬಂದು ಜೊತೆಗಿರುವ ಹೆಂಗಸರು. ಕೊನೆಗೆ ಯಾರೋ ಆ ಹೆಂಗಸರನ್ನು ಬಿಟ್ಟು ಅವರ ಮಾತನ್ನಷ್ಟೇ ಹಿಡಿದುಕೊಂಡು, ಅದಕ್ಕೂ ಕೆಟ್ಟ ಅರ್ಥ ಅಂಟಿಸಿದರು. ನನ್ನಂಥ ಸೂಪರ್‌ವೈಸರ್ ಒಬ್ಬಳು ಆಗಲೂ ಇದ್ದಿರಬೇಕು. ಓದಿ ಮುಗಿಸಿದಾಗ ನನಗೆ ನಿಜಕ್ಕೂ ಅಳು ಬಂತು.

ಸೋಮವಾರ ಬೋರ್ಡ್ ಕಿತ್ತು, ನನ್ನ ಚಿತ್ರಾನ್ನದ ಡಬ್ಬಿ ಹಿಡಿದು ಅವರ ಮೇಜಿಗೇ ಹೋಗಿ ಕೂತೆ. ಎಲ್ಲರೂ ತಲೆ ತಗ್ಗಿಸಿ ತಿನ್ನತೊಡಗಿದರು. ತಡೆಯಲಾರದೆ ನಾನೇ ಶುರುಮಾಡಿದೆ: “ಆ ಸೂಪರ್‌ವೈಸರ್ ಇದ್ದಾಳಲ್ಲ, ನನ್ನನ್ನೇ ಹೇಳ್ತಿರೋದು, ಮನೇಲಿ ಗೋಡೆ ಜೊತೆ ಮಾತಾಡ್ತಾಳಂತೆ ಕಣ್ರೀ!”

ಗಂಗವ್ವ ರೊಟ್ಟಿ ಮುರಿಯುತ್ತಲೇ, “ಅದು ಹಳೀ ಸುದ್ದಿ ಬಿಡ್ರಿ ಮೇಡಂ, ಹೊಸಾದೇನರ ಹೇಳ್ರಿ” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಅಂದರೆ ಬೋರ್ಡ್ ಇದ್ದಾಗಲೂ ಇವರು ಬಸ್ಸಿನಲ್ಲೋ ಗೇಟಿನಲ್ಲೋ ದಿನಾ ನನ್ನನ್ನು ನೆನೆಯುತ್ತಿದ್ದರು. ಇಷ್ಟು ಜನ ನನ್ನ ಬಗ್ಗೆ ಆಡಿಕೊಳ್ಳುತ್ತಿರುವಾಗ, ನನಗೆ ಯಾರೂ ಇಲ್ಲ ಎಂದು ನಾನೊಬ್ಬಳೇ ನಂಬಿಕೊಂಡಿದ್ದೆ.