ಮಾವನವರ ಎಂಟು ಕುರ್ಚಿಗಳು

ಬೆಳಕು ಹರಿಯುವ ಮೊದಲೇ ನಮ್ಮ ಮಾವನವರು ಮುಗಿಸುವ ಕೆಲಸಗಳು ಇವು: ಹಾಸಿಗೆ ಮಡಚುವುದು, ಬಾಗಿಲುಗಳ ಕೀಲಿಗೆ ಎಣ್ಣೆ ಬಿಡುವುದು, ಗೋಡೆ ಗಡಿಯಾರಕ್ಕೆ ಕೀ ಕೊಡುವುದು, ಮೆಟ್ಟಿಲ ಕಂಬಿ ಅಲ್ಲಾಡುತ್ತಿದೆಯೇ ಎಂದು ಅಲ್ಲಾಡಿಸಿ ನೋಡುವುದು, ಕೊನೆಗೆ ಊಟದ ಮೇಜಿನ ಸುತ್ತಲಿನ ಎಂಟು ಕುರ್ಚಿಗಳನ್ನು ಒಂದೊಂದಾಗಿ ಬೋರಲು ಹಾಕಿ ಸಡಿಲಾದ ಸ್ಕ್ರೂಗಳನ್ನು ಬಿಗಿಮಾಡುವುದು. (ಬೆಳಕು ಹರಿದ ಮೇಲೆ ನಾನು ಮಾಡುವ ಕೆಲಸಗಳನ್ನು ಇಲ್ಲಿ ಹೇಳುವುದಿಲ್ಲ. ಸಂಪಾದಕರು ಅಷ್ಟು ಜಾಗ ಕೊಡುವುದಿಲ್ಲ.)

ಬರುವ ಭಾನುವಾರ ಮಾವನವರಿಗೆ ತೊಂಬತ್ತು ತುಂಬುವುದಿತ್ತು. ಮೀಸೆ ಮೂಡುವ ಮೊದಲೇ ಬಸ್ಸಿನ ಬಾಡಿ ಕಟ್ಟುವ ಶೆಡ್ಡು ಸೇರಿ, ಸೀಟು ಕೂರಿಸುತ್ತಲೇ ಆ ಮೀಸೆಯನ್ನು ನರೆಸಿಕೊಂಡವರು. ಆ ಸಂಬಳದಲ್ಲೇ ತಂಗಿಯರ ಮದುವೆ, ಮಕ್ಕಳ ಓದು, ಈ ಮನೆ. ಒಮ್ಮೆ ಬಿರುಗಾಳಿಗೆ ಮನೆಯ ಸೂರೇ ಹಾರಿಹೋದಾಗ, "ಒಳ್ಳೇದೇ ಆಯ್ತು, ಗೋಡೆ ಚೆನ್ನಾಗಿ ಒಣಗುತ್ತೆ" ಅಂದರಂತೆ. ನಮ್ಮವರು ಇದನ್ನು ಹೇಳುವಾಗಲೆಲ್ಲ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಅತ್ತೆಯ ಕಣ್ಣು ಮಾತ್ರ ಒಣಗಿಯೇ ಇರುತ್ತದೆ. "ನೆಂದ ಹಾಸಿಗೆ ಹಿಂಡಿದವಳು ನಾನು" ಎನ್ನುತ್ತಾರೆ.

ಮಾವನವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಅನುಮಾನವಿದ್ದದ್ದು ಕುರ್ಚಿಗಳ ಬಗ್ಗೆ. ಈ ಮನುಷ್ಯ ಕೂರಿಸಿದ ಸೀಟುಗಳು ಹಳ್ಳಕೊಳ್ಳದ ರಸ್ತೆಯಲ್ಲಿ ವರ್ಷಗಟ್ಟಲೆ ಕುಣಿದರೂ ಮಿಸುಕಾಡಲಿಲ್ಲವಂತೆ. ಅದೇ ಕೈ ಮಾಡಿದ, ನಿಂತಲ್ಲೇ ನಿಂತಿರುವ ಕುರ್ಚಿಗಳು ದಿನಾ ಸಡಿಲವಾಗುವುದೆಂದರೇನು?

"ರೀ, ಬೆಳಿಗ್ಗೆ ಬಿಗಿಮಾಡಿದ ಸ್ಕ್ರೂ ಸಂಜೆಗೆ ಹೇಗ್ರೀ ಸಡಿಲ ಆಗುತ್ತೆ?"

"ಹವಾಮಾನ ಕಣೇ."

"ಹವಾಮಾನಕ್ಕೆ ಕುರ್ಚಿ ಮಾತ್ರ ಕಾಣುತ್ತಾ? ಪಕ್ಕದಲ್ಲೇ ಬೀರು ಇದೆ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ನಿಮ್ಮಪ್ಪನೇ ಸಡಿಲ ಮಾಡಿ ನಿಮ್ಮಪ್ಪನೇ ಬಿಗಿ ಮಾಡ್ತಿದಾರೆ."

"ತೊಂಬತ್ತು ವರ್ಷದ ಮುದುಕರ ಮೇಲೆ ಪತ್ತೇದಾರಿಕೆ! ನಾಚಿಕೆ ಆಗಲ್ವಾ ನಿನಗೆ?"

ನಮ್ಮವರು ಆಗ ಭಾನುವಾರದ ಭಾಷಣ ಬರೆಯುತ್ತಿದ್ದರು. ವಿಷಯ: 'ತಂದೆಯವರ ಅವಿಶ್ರಾಂತ ದುಡಿಮೆ'. ಸೋಫಾ ಮೇಲೆ ಮಲಗಿಕೊಂಡೇ ಬರೆದರು. ದಿಂಬು ಸರಿಮಾಡಿದವಳು ನಾನು.

ನಾನು ಏಕಸದಸ್ಯ ತನಿಖಾ ಆಯೋಗವಾಗಿ ಕಾರ್ಯಪ್ರವೃತ್ತಳಾದೆ. ಮಧ್ಯಾಹ್ನ ಮಾವನವರು ಒಂದು ಗಡದ್ದು ನಿದ್ದೆ ತೆಗೆಯುತ್ತಾರೆ. ನಿದ್ದೆ ನಾಟಕವಿರಬಹುದು ಎಂದು ನಾನು ಊಟದ ಕೋಣೆಯ ಪರದೆಯ ಹಿಂದೆ ಅವಿತು ನಿಂತೆ. ಒಳಕೋಣೆಯಿಂದ ಗೊರಕೆ ಶುರುವಾಯಿತು. ಅದು ನಿಂತೊಡನೆ ಕಳ್ಳ ಬರುತ್ತಾನೆಂದು ನನ್ನ ಲೆಕ್ಕ.

ಗೊರಕೆ ನಿಲ್ಲಲಿಲ್ಲ. ಕಳ್ಳ ಬಂದ. ಅಲ್ಲ, ಬಂದಳು.

ಅತ್ತೆ ಹೆಣಿಗೆಯ ಬುಟ್ಟಿ ಹಿಡಿದು ಬಂದರು. (ನಾನು ಮದುವೆಯಾಗಿ ಬಂದಾಗಿನಿಂದ ಅವರು ಒಂದೇ ಸ್ವೆಟರ್ ಹೆಣೆಯುತ್ತಿದ್ದಾರೆ. ಆ ಸ್ವೆಟರಿಗೆ ಎರಡನೆಯ ತೋಳು ಯಾಕೆ ಬರಲಿಲ್ಲವೆಂದು ನಾನು ಎಂದೂ ಕೇಳಿರಲಿಲ್ಲ.) ಉಣ್ಣೆಯುಂಡೆಯ ಕೆಳಗಿಂದ ಗಿಡ್ಡ ಸ್ಕ್ರೂಡ್ರೈವರ್ ತೆಗೆದು, ಕುರ್ಚಿಗಳನ್ನು ಒಂದೊಂದಾಗಿ ವಾಲಿಸಿ, ಗಾದಿಗೆ ಗುಂಡಿ ಹೊಲಿಯುವಷ್ಟು ನಾಜೂಕಾಗಿ ಸಡಿಲಿಸತೊಡಗಿದರು.

"ಅತ್ತೇ!"

"ಶ್! ಕಿರುಚಬೇಡ ಕಣೇ. ಅವರು ಎದ್ದುಬಿಟ್ರೆ ಸೀದಾ ನಿನ್ನ ಅಡುಗೆಮನೆಗೇ ಬರೋದು."

ವಿಷಯ ಇಷ್ಟು. ಶೆಡ್ಡಿನಿಂದ ನಿವೃತ್ತರಾದ ವಾರವೇ ಮಾವನವರು ಅಡುಗೆಮನೆಯನ್ನು ಸುಧಾರಿಸಲು ಹೊರಟರಂತೆ. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದರಿಂದ ಉಪ್ಪು ಅಟ್ಟ ಸೇರಿತಂತೆ.

"ಪಾತ್ರೆ ತೊಳೀರಿ ಅಂತ ಹೇಳ್ಬೇಕಿತ್ತು ಅತ್ತೆ."

"ಹೇಳ್ದೆ ಬಿಟ್ನಾ? ತೊಳೆಯೋಕೆ ಅನುಕೂಲ ಆಗ್ಲಿ ಅಂತ ಎಲ್ಲಾ ಪಾತ್ರೆ ಹಿಡಿ ಬಿಚ್ಚಿಟ್ರು. ಕೈಗೆ ಕೆಲಸ ಇಲ್ದಿದ್ರೆ ಆ ಜೀವ ಬಾಡಿಹೋಗುತ್ತೆ. ಕೆಲಸ ಇದ್ರೆ ನಾನು ಬಾಡಿಹೋಗ್ತೀನಿ. ಅದಕ್ಕೇ ಈ ಕುರ್ಚಿ ಕಂಡುಹಿಡಿದೆ."

ನನ್ನ ರಕ್ತ ಕುದಿಯಿತು. ಎಂಥ ಅನ್ಯಾಯ! ಗಂಡ ದುಡಿಯಲೆಂದು ಹೆಂಡತಿ ಕದ್ದು ದುಡಿಯಬೇಕೆ? ಭಾಷಣ ಅವರಿಗೆ, ಕುರ್ಚಿ ವಾಲಿಸಿದ ಸೊಂಟನೋವು ಇವರಿಗೆ!

"ಇಲ್ಲಿಗೆ ಸಾಕು ಅತ್ತೆ. ಇನ್ನು ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಏನೇ ಆದ್ರೂ ಅದಕ್ಕೆ ನಾನು ಜವಾಬ್ದಾರಿ."

"ನೀನೇ ಜವಾಬ್ದಾರಿ ತಗೋತೀಯಾ?" ಅತ್ತೆ ಸ್ಕ್ರೂಡ್ರೈವರನ್ನು ಬುಟ್ಟಿಗೆ ಹಾಕಿದರು. "ಸರಿ ಹಾಗಾದ್ರೆ."

ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಇಡೀ ವಾರದಲ್ಲಿ ನಾನು ಅನುಮಾನಪಡದೆ ಬಿಟ್ಟ ಗಳಿಗೆ ಅದೊಂದೇ.

ಮರುದಿನದಿಂದ ಮಾವನವರು ಕುರ್ಚಿಗಳ ಮುಂದೆ ರೋಗಿಗಳಿಲ್ಲದ ವೈದ್ಯರಂತೆ ಅಲೆದರು. ಒಂದನ್ನು ಅಲ್ಲಾಡಿಸಿದರು, ಇನ್ನೊಂದರ ಮೇಲೆ ಕೂತು ತೂಗಿದರು. ಊಟ ಅರ್ಧಕ್ಕೆ ಬಿಟ್ಟರು. ಮಾತು ಕಡಿಮೆಯಾಯಿತು. ಇತ್ತ ಅತ್ತೆಯ ಸ್ವೆಟರಿಗೆ ಭರದಿಂದ ಎರಡನೆಯ ತೋಳು ಮೂಡತೊಡಗಿತು.

ಭಾನುವಾರ ನಸುಕಿನಲ್ಲಿ ಅಡುಗೆಮನೆಯಿಂದ ಧಡ್ ಎಂದು ಸದ್ದು. ಓಡಿದೆ. ಗ್ಯಾಸ್ ಒಲೆ ಬಿಡಿಬಿಡಿಯಾಗಿ ಹಳೇ ಪೇಪರಿನ ಮೇಲೆ ಮಲಗಿತ್ತು. ಸಿಂಕಿನ ಪೈಪು ಮಾವನವರ ಕೈಯಲ್ಲಿತ್ತು, ಸಿಂಕಿನ ನೀರು ನನ್ನ ಕಾಲಡಿಯಲ್ಲಿತ್ತು. ಮಧ್ಯಾಹ್ನಕ್ಕೆ ಮನೆತುಂಬ ನೆಂಟರು ಬರುವವರಿದ್ದರು.

"ಮಾವಾ! ಏನಿದು?"

"ಆ ಕಡೆ ಮಾಡೋಕೆ ಏನೂ ಉಳಿದಿಲ್ಲ ನೋಡಮ್ಮಾ," ಎಂದರು, ತಪ್ಪು ಮಾಡಿದ ಮಗುವಿನಂತೆ. ಮರುಕ್ಷಣ ಮುಖ ಅರಳಿಸಿ, "ಒಳ್ಳೇದೇ ಆಯ್ತು ಬಿಡು, ನೆಲ ತೊಳೆದ ಹಾಗಾಯ್ತು."

ನೀರು ಬಳಿದೆ, ಒಲೆ ಜೋಡಿಸಲು ರಿಪೇರಿಯವನನ್ನು ಹುಡುಕಿಸಿದೆ, ಸುಟ್ಟ ಬೆರಳು ಚೀಪುತ್ತಾ ಬಡಿಸಿದೆ. ನಮ್ಮವರು ಭಾಷಣ ಮಾಡಿದರು: "ಈ ವಯಸ್ಸಿನಲ್ಲೂ ಇವತ್ತು ಬೆಳಿಗ್ಗೆ ಅಪ್ಪ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತಿದ್ದರು!" ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅತ್ತೆ. ಅವರ ಕಣ್ಣು ಇದ್ದದ್ದು ನನ್ನ ಮೇಲೆ.

ನೆಂಟರು ಹೋದ ಮೇಲೆ ಅವರ ಬಳಿ ಹೋಗಿ ನಿಂತೆ. ಬಾಯಿ ಬಿಡುವ ಮೊದಲೇ, "ಸ್ಕ್ರೂಡ್ರೈವರ್ ಉಣ್ಣೆಯುಂಡೆ ಕೆಳಗೇ ಇದೆ. ಬುಟ್ಟಿ ಸಮೇತ ತಗೋ, ನನ್ನ ಸ್ವೆಟರ್ ಮುಗೀತು" ಎಂದರು.

ಹೀಗೆ ನನ್ನ ಕೆಲಸಗಳಿಗೆ ಇನ್ನೊಂದು ಸೇರಿತು. ಮರುದಿನ ಮಧ್ಯಾಹ್ನ ಗೊರಕೆ ಕೇಳಿಸಿಕೊಂಡು ಶುರುಮಾಡಿದೆ. ಅದು ಕಂಡಷ್ಟು ಸುಲಭವಲ್ಲ. ಕೈ ಜಾರಿತು. ಅತ್ತೆ ಇಷ್ಟು ವರ್ಷ ಒಂದು ಗೀರೂ ಬೀಳಿಸದ ಮರದ ಮೇಲೆ ನಾನು ಮೊದಲ ದಿನವೇ ಉದ್ದನೆಯ ಗೀರುಗಳನ್ನು ಎಳೆದೆ.

ಸಿಕ್ಕಿಬಿದ್ದೆನೇ ಎಂಬ ದಿಗಿಲಿಗೆ ಮರುದಿನ ನಸುಕಿನಲ್ಲೇ ಎಚ್ಚರವಾಯಿತು. ಮತ್ತೆ ಅದೇ ಪರದೆಯ ಹಿಂದೆ ನಿಂತೆ.

ಮಾವನವರು ಮೊದಲ ಕುರ್ಚಿ ಅಲ್ಲಾಡಿಸಿದರು. ಅಲ್ಲಾಡಿತು. ಮುಖದಲ್ಲಿ ದೀಪ ಹತ್ತಿಕೊಂಡಿತು. ಬೋರಲು ಹಾಕಿದರು. ಹೆಬ್ಬೆರಳು ಗೀರಿನ ಮೇಲೆ ನಿಂತಿತು. ಎರಡನೆಯದನ್ನು ಬೋರಲು ಹಾಕಿದರು, ಅಲ್ಲೂ ಗೀರು. ತಲೆಯೆತ್ತಿ ಅತ್ತೆ ಮಲಗಿದ್ದ ಕೋಣೆಯತ್ತ ನೋಡಿದರು. ಆಮೇಲೆ ಕತ್ತಲಲ್ಲಿದ್ದ ನನ್ನ ಅಡುಗೆಮನೆಯತ್ತ. ನೆಲದ ಮೇಲೆ ಕೂತರು. ಎದ್ದು ಅಡುಗೆಮನೆಯ ಕಡೆ ಹೆಜ್ಜೆಯಿಟ್ಟರೆ ನನ್ನ ಕತೆ ಮುಗಿಯಿತು.

ಏಳಲಿಲ್ಲ. ಎಂಟು ಕುರ್ಚಿಗಳ ಸ್ಕ್ರೂಗಳನ್ನೂ ಬಿಗಿಮಾಡಿದರು. ಗೀರುಗಳ ಮೇಲೆ ಒಂದಿಷ್ಟು ಮೇಣ ತಿಕ್ಕಿ ಮರೆಮಾಡಿದರು. ಆಮೇಲೆ ಮೊದಲ ಕುರ್ಚಿಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು, ಈಗಷ್ಟೇ ಬಿಗಿಮಾಡಿದ ಸ್ಕ್ರೂವನ್ನು ನಾಜೂಕಾಗಿ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರು.